ಚೆನ್ನಪ್ಪನಿಗೆ ಹೆಣ್ಣು ನೋಡಲು ಹೋದದ್ದು

ಕಾರು ಬಿಕರ್ನಕಟ್ಟೆಯಲ್ಲಿ ಸಿಕ್ಕಿಹಾಕಿಕೊಂಡಿತು. ಬಾಲಯೇಸುವಿನ ಮಂದಿರಕ್ಕೆ ಬಂದವರ ಬಸ್ಸೊಂದು ತಿರುಗಲಾರದೆ ಮುಂದೆ ಅಡ್ಡಕ್ಕೆ ನಿಂತು, ಹಿಂದಿನವರೆಲ್ಲ ಹಾರ್ನ್ ಹಾಕತೊಡಗಿದಾಗ ಕಮಲೇಶ ಮೊಬೈಲನ್ನು ತಾಯಿಯ ಮಡಿಲಲ್ಲಿಟ್ಟು, "ಅಮ್ಮಾ, ಈಗಲೇ ಒಮ್ಮೆ ನೋಡಿಡು. ಅಲ್ಲಿ ಹೋಗಿ ಹೊಸದಾಗಿ ನೋಡಿದ ಹಾಗೆ ಮಾಡಬೇಡ" ಎಂದ. ಅಮ್ಮಣ್ಣಿ ನೋಡಿದಳು. ಎಣ್ಣೆ ಹಚ್ಚಿ ಬಾಚಿದ ಕೂದಲು, ಮುಚ್ಚಿದ ಬಾಯಿ, ನೇರ ನೋಡುವ ಎರಡು ಕಣ್ಣು, ಎದ್ದ ಮೂಗು. ಹೆಣ್ಣಿನ ಕಡೆಯವರು ಯಾರದೋ ಫೋಟೋ ಕಳಿಸಿದ್ದಾರೆಂದುಕೊಂಡು, "ಇದು ಯಾರು, ಹುಡುಗಿಯ ಅಣ್ಣನಾ?" ಎಂದು ಕೇಳಿದಳು. ಕಮಲೇಶ ನಗಲಿಲ್ಲ. "ಮಾಮ ಅಲ್ವಾ ಅದು. ಹ್ಯೂಬರ್ಟ್ ಅಂಕಲ್ ಸ್ಟುಡಿಯೋದಲ್ಲಿ ಸ್ವಲ್ಪ ಸರಿ ಮಾಡಿ ಕೊಟ್ರು" ಎಂದ. ಆಗ ಅವಳಿಗೆ ಶರ್ಟು ಕಂಡಿತು. ನೀಲಿ ಚೌಕುಳಿಯ ಶರ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿದ್ದು. ಮೇಲಿನ ಗುಂಡಿ ಹಾಕದೆ ಅವಳ ಅಣ್ಣ ಚೆನ್ನಪ್ಪ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಶರ್ಟು ಅವನದೇ, ಗುಂಡಿ ಅವನದೇ. ಅದರ ಮೇಲಿದ್ದ ತಲೆ ಮಾತ್ರ ಯಾವನದೋ. ಸದಾ ತುಸು ತೆರೆದೇ ಇರುತ್ತಿದ್ದ ಆ ಬಾಯಿಯನ್ನು, ಕೆಳತುಟಿಯ ಮೇಲೆ ಕುಳಿತಿರುತ್ತಿದ್ದ ಆ ನಾಲಿಗೆಯನ್ನು, ಓರೆಯಾಗಿ ಮೂಗಿನ ಕಡೆಗೆ ಬಾಗಿದ ಆ ಸಣ್ಣ ಕಣ್ಣುಗಳನ್ನು ಹ್ಯೂಬರ್ಟ್ ಎಲ್ಲಿ ಒರೆಸಿ ಹಾಕಿದನೋ. ಅದೇ ಹ್ಯೂಬರ್ಟ್, ಚೆನ್ನಪ್ಪನ ಹೆಣದ ಮುಂದೆ ಗೋಡೆಗೆ ಹಣೆ ಒತ್ತಿ ಅತ್ತವನು. ಅವನನ್ನು ಬೈದು ಏನು ಬಂತು, ಒಳ್ಳೆಯದಕ್ಕೇ ಮಾಡಿದ್ದಾನೆ. ಅವಳು ಮೊಬೈಲನ್ನು ಬೋರಲು ಮಾಡಿ ಮಡಿಲಲ್ಲೇ ಇಟ್ಟುಕೊಂಡಳು.

ಚೆನ್ನಪ್ಪ ತೀರಿಹೋಗಿ ವರ್ಷ ದಾಟಿತ್ತು. ಹುಟ್ಟಿದಾಗಿನಿಂದ ಇದ್ದ ಬಡ ಹೃದಯ, ಒಂದು ಬೆಳಿಗ್ಗೆ ಚಹಾದ ಗ್ಲಾಸಿನ ಮುಂದೆ ನಿಂತೇ ಹೋಯಿತು. ಈಗ ಅವನಿಗೆ ಮದುವೆ. ಮದುವೆಯಾಗದೆ ಸತ್ತವನಿಗೆ ಮದುವೆಯಾಗದೆ ಸತ್ತ ಹೆಣ್ಣನ್ನೇ ಹುಡುಕಿ, ಬದುಕಿದವರಿಗೆ ಮಾಡುವ ಹಾಗೆಯೇ ನೋಡಿ, ಮಾತಾಡಿ, ನಿಶ್ಚಯ ಮಾಡಿ, ಎರಡು ಮಣೆಗಳ ಮೇಲೆ ವೇಷ್ಟಿಯನ್ನೂ ಸೀರೆಯನ್ನೂ ಇಟ್ಟು ಧಾರೆ ಎರೆಯುವುದು ಅವರಲ್ಲಿ ಹಿಂದಿನಿಂದ ಬಂದದ್ದು. ಮಗಳು ಸುಪ್ರೀತಾಳ ಸಂಬಂಧಗಳು ಒಂದೊಂದಾಗಿ ಮುರಿದು ಬಿದ್ದಾಗ ಜೋಯಿಸರು ಕವಡೆ ಹಾಕಿ, ಮನೆಯಲ್ಲಿ ಮದುವೆಯ ಆಸೆ ಉಳಿದ ಗಂಡೊಂದು ಉಂಟು, ಅದನ್ನು ಮೊದಲು ಮುಗಿಸಿ ಎಂದಿದ್ದರು. ಸೋದರಮಾವ; ತಂಗಿಯ ಮಗಳ ಮದುವೆಗೆ ಮುಂದೆ ನಿಲ್ಲಬೇಕಾದವನೇ ಅಡ್ಡ ನಿಂತಿದ್ದಾನೆ ಎಂದರೆ ಯಾರಿಗೆ ಅನುಮಾನ ಬರುತ್ತದೆ? ಅಮ್ಮಣ್ಣಿಗೆ ಬಂದಿತ್ತು. ಬಂದ ಗಂಡಿನ ಕಡೆಯವರು ತಿಂಡಿ ತಿಂದು, ನಗುತ್ತ ಎದ್ದು, ಬೋಳಾರದ ಓಣಿ ದಾಟುವ ಮೊದಲು ಯಾರ ಬಾಯಿಂದಲೋ ಕೇಳಿಕೊಂಡು ಹೋಗುತ್ತಿದ್ದರು: ಹುಡುಗಿಯ ಮಾವ ಬುದ್ಧಿ ಬೆಳೆಯದವನಂತೆ, ನಾಳೆ ಮಕ್ಕಳು ಹಾಗೇ ಹುಟ್ಟಿದರೆ? ಅಷ್ಟಕ್ಕೇ ಮುಗಿಯಿತು. ಇದು ಅವಳಿಗೆ ಗೊತ್ತು, ಕಮಲೇಶನಿಗೆ ಗೊತ್ತು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸುಪ್ರೀತಾಳಿಗಂತೂ ಚೆನ್ನಾಗಿಯೇ ಗೊತ್ತು. ಆದರೆ ಜನರ ಬಾಯಿಗೆ ಪರಿಹಾರವಿಲ್ಲ, ಪ್ರೇತಕ್ಕೆ ಪರಿಹಾರ ಉಂಟು. ಬೆಳಿಗ್ಗೆ ಹೊರಡುವಾಗ ಸುಪ್ರೀತಾ ಬಾಗಿಲಲ್ಲಿ ನಿಂತು, "ಮಾಮನಿಗೆ ಮದುವೆ ಮಾಡಿ, ನಾನು ಬೇಡ ಹೇಳುವುದಿಲ್ಲ. ಆದರೆ ನನ್ನ ಹೆಸರು ಹೇಳಿ ಮಾಡಬೇಡಿ. ಮತ್ತೆ ಮಾಮ ಹೇಗಿದ್ದರೋ ಹಾಗೆಯೇ ಹೇಳಿ" ಎಂದಿದ್ದಳು. ಕಮಲೇಶ, "ಹೇಳಿದ್ರೆ ಕೊಡ್ತಾರಾ ಮಾರಾಯ್ತಿ? ಸತ್ತವರಿಗೂ ಎಲ್ಲರಿಗೂ ಒಳ್ಳೆಯದೇ ಬೇಕು" ಎಂದು ಕಾರಿನ ಬಾಗಿಲು ಹಾಕಿದ್ದ.

ಬಸ್ಸು ಹಿಂದಕ್ಕೆ ಬರತೊಡಗಿತು. ಕಂಡಕ್ಟರ್ ಇಳಿದು ಕೈ ಬೀಸುತ್ತಿದ್ದ, ನೋಡಿದರೆ ಸಿಟ್ಟು ಬರುವಷ್ಟು ಉದಾಸೀನದಿಂದ. ಹಾಗಲ್ಲ ಅದನ್ನು ಮಾಡುವುದು. ಬಂದರಿನ ದಕ್ಕೆಯಲ್ಲಿ ಚೆನ್ನಪ್ಪ ಮಂಜುಗಡ್ಡೆಯ ಲಾರಿಗಳನ್ನು ಹಿಂದಕ್ಕೆ ತೆಗೆಸುತ್ತಿದ್ದುದನ್ನು ನೋಡಬೇಕಿತ್ತು. ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದು, ಬೆರಳು ಮಡಿಸಿ ಬಿಡಿಸಿ, "ಬರಡ್, ಬರಡ್" ಎಂದು ಕೂಗುತ್ತ ತಾನೂ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದ, ಬರಲಿ, ಬರಲಿ. ಸಾಕೆನಿಸಿದಾಗ ಲಾರಿಯ ಬೆನ್ನಿಗೆ ಅಂಗೈಯಿಂದ ಬಡಿಯುತ್ತಿದ್ದ. ಮೊದಲು ಡ್ರೈವರುಗಳು ಅವನ ಸಂತೋಷಕ್ಕೆಂದು ಅವನ ಮಾತು ಕೇಳಿದ ಹಾಗೆ ನಟಿಸಿದರು. ಆಮೇಲೆ ಯಾವಾಗಲೋ ನಟನೆ ಹೋಗಿ ಅಭ್ಯಾಸವಾಯಿತು. ಅವನು ಬಾರದ ದಿನ, "ನಿಮ್ಮ ಚೆನ್ನ ಎಲ್ಲಿ, ಜ್ವರವಾ?" ಎಂದು ಅವರಲ್ಲೊಬ್ಬನಾದ ಅರಾಫತ್ ಮನೆಯ ತನಕ ಬಂದು ಕೇಳುತ್ತಿದ್ದ. ಮೀನಿನ ಹೆಂಗಸರು ಅವನ ಕೈಗೆ ಬಂಗುಡೆ ಕೊಟ್ಟು ಕಳಿಸುತ್ತಿದ್ದರು, ಅವನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿ ಬರಿಗೈಯಲ್ಲಿ, ಮೀನಿನ ವಾಸನೆಯಲ್ಲಿ, ಖುಷಿಯಲ್ಲಿ ಮನೆಗೆ ಬರುತ್ತಿದ್ದ. ಡಾಕ್ಟರು ಅವನಿಗೆ ಇಂಗ್ಲಿಷಿನಲ್ಲಿ ಏನೋ ಹೆಸರು ಹೇಳಿದ್ದರು. ಊರಿನವರು 'ಪಾಪದವ' ಎನ್ನುತ್ತಿದ್ದರು. ಅಮ್ಮಣ್ಣಿಗಿಂತ ದೊಡ್ಡವನಾದರೂ ಎಲ್ಲರೂ ಕರೆಯುವುದನ್ನು ಕೇಳಿ ಅವಳನ್ನು ಅಕ್ಕ ಎನ್ನುತ್ತಿದ್ದ. ಅವಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅವನನ್ನು ಅಣ್ಣ ಎನ್ನುವುದನ್ನು ಬಿಟ್ಟಿದ್ದಳು, ಗೆಳತಿಯರ ಮುಂದೆ ನಾಚಿಕೆಯಾಗಿ. ಮನಸ್ಸಿನೊಳಗೆ ಅಣ್ಣ, ಬಾಯಲ್ಲಿ ಚೆನ್ನ. ಕೊನೆಯ ತನಕ ಹಾಗೆಯೇ ನಡೆಯಿತು. ಆಸ್ಪತ್ರೆಯಿಂದ ಹೆಣ ತಂದ ದಿನ ಆಂಬುಲೆನ್ಸ್ ಓಡಿಸಿದವನೂ ಅರಾಫತನೇ, ಆ ಹೊತ್ತಿಗೆ ಲಾರಿಯ ಕೆಲಸ ಬಿಟ್ಟಿದ್ದ. ಓಣಿ ಸಪೂರ, ಗಾಡಿ ಹಿಂದಿನಿಂದಲೇ ಒಳಗೆ ಬರಬೇಕು. ಅಷ್ಟು ಜನ ನಿಂತಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಅರಾಫತ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಸುಮಾರು ಹೊತ್ತು ಕಾದ. ಯಾರಾದರೂ ಬರಲಿ ಎನ್ನುತ್ತಾರೆಂದು. ಆಮೇಲೆ ತಾನಾಗಿಯೇ ತೆಗೆದ, ಗಾಡಿಯ ಮೂಲೆ ಪಕ್ಕದ ಮನೆಯ ಗೋಡೆಗೆ ತಾಗಿ ಗಾರೆ ಉದುರಿತು.

"ಎಂತ ಆಲೋಚನೆ?" ಎಂದ ಕಮಲೇಶ. ಕಾರು ಶಕ್ತಿನಗರದ ಏರು ಹತ್ತುತ್ತಿತ್ತು. "ಏನಿಲ್ಲ" ಎಂದಳು. ಆಟಿ ತಿಂಗಳು, ಸತ್ತವರ ಮದುವೆಗಳ ಕಾಲ; ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ದೋಣಿಗಳೆಲ್ಲ ದಕ್ಕೆಯಲ್ಲಿ ಕಟ್ಟಿ ಬಿದ್ದ ಕಾಲ. ಬದುಕಿದವರಿಗೆ ಆಟಿಯಲ್ಲಿ ಮದುವೆ ಇಲ್ಲ. ಅದಕ್ಕೇ ದಕ್ಕೆಯವರು ಅವನನ್ನು ಕೆಣಕುತ್ತಿದ್ದರು. ಊರಿನಲ್ಲಿ ಯಾರ ಮದುವೆಯ ಕಾಗದ ಬಂದರೂ ಚೆನ್ನಪ್ಪ ಅದನ್ನು ಹಿಡಿದುಕೊಂಡು, "ನನಗೆ?" ಎಂದು ಕೇಳುವವನು. "ನಿನಗೆ ಆಟಿಯಲ್ಲಿ, ಚೆನ್ನ. ಎಲ್ಲ ರೆಡಿ ಉಂಟು, ಹುಡುಗಿ ಒಬ್ಬಳು ಬಾಕಿ" ಎನ್ನುತ್ತಿದ್ದರು. ಅವನು ನಾಚಿ, ಮುಖವನ್ನು ಭುಜದೊಳಗೆ ಅಡಗಿಸಿ, ಮತ್ತೆ ಒಂದು ಕಣ್ಣು ಹೊರಗೆ ಹಾಕಿ, "ಆಟಿ ಯಾವಾಗ?" ಎನ್ನುತ್ತಿದ್ದ. ಇಡೀ ದಕ್ಕೆಯೇ ನಗುತ್ತಿತ್ತು. ಪ್ರೀತಿಯ ನಗುವೇ ಅದು, ಯಾರೂ ಅವನಿಗೆ ಕೆಟ್ಟದ್ದು ಬಗೆದವರಲ್ಲ. ಅವಳೂ ನಕ್ಕಿದ್ದಾಳೆ. ಕಮಲೇಶನ ಮದುವೆಯ ದಿನ ಹಾಲ್‌ನಲ್ಲಿ ಮದುಮಗ ಬಟ್ಟೆ ಬದಲಿಸಲು ಹೋದ ಸ್ವಲ್ಪ ಹೊತ್ತಿಗೆ ಚೆನ್ನಪ್ಪ ಸ್ಟೇಜು ಹತ್ತಿ ಆ ಖಾಲಿ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದ. ಕೈ ತೊಡೆಯ ಮೇಲೆ, ಬೆನ್ನು ನೆಟ್ಟಗೆ, ಮದುಮಗಳ ಕಡೆ ತಿರುಗಿಯೂ ನೋಡದೆ, ಎದುರು ಕುಳಿತ ಜನರನ್ನು ನೋಡುತ್ತ. ಜನ ನಕ್ಕರು, ಚಪ್ಪಾಳೆ ತಟ್ಟಿದರು, ಯಾರೋ ಫೋಟೋ ತೆಗೆದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಲೇ ಹತ್ತಿ, ತೋಳು ಹಿಡಿದು, "ಇಳಿ ಮಾರಾಯ, ಮರ್ಯಾದೆ ತೆಗೀಬೇಡ" ಎಂದಳು. ಅವನು ಇಳಿದ. ಹಠ ಮಾಡಲಿಲ್ಲ. ಊಟಕ್ಕೆ ಕುಳಿತಾಗ ಎಲೆಯ ಮೇಲೆ ಹಾಕಿದ ಪಾಯಸವನ್ನು ಮುಟ್ಟಲಿಲ್ಲ, ಅಷ್ಟೆ. ಹೊಟ್ಟೆ ಸರಿ ಇಲ್ಲವೇನೋ ಎಂದು ಅವಳು ಅಂದುಕೊಂಡಿದ್ದಳು. ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದಳೇ? ಈಗ ಯಾರನ್ನು ಕೇಳುವುದು.

ಹುಡುಗಿಯ ಮನೆ ಏರಿನ ತುದಿಯಲ್ಲಿತ್ತು. ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಹುಡುಗಿಯ ತಮ್ಮ ಮೋಹನದಾಸ್ ಕೊಡೆ ಹಿಡಿದು ಗೇಟಿನ ತನಕ ಬಂದ. ಒಳಗೆ ಅವನ ತಾಯಿ ಹೇಮಾಕ್ಷಿ, ಎಪ್ಪತ್ತು ದಾಟಿದ ಹೆಂಗಸು, ಮಡಿಕೆ ಬಿಡಿಸಿದ ಹೊಸ ಸೀರೆ ಉಟ್ಟು ಕುಳಿತಿದ್ದರು. ಹೆಣ್ಣು ನೋಡಲು ಬಂದವರಿಗೆ ಮಾಡುವ ಎಲ್ಲವನ್ನೂ ಮಾಡಿದ್ದರು: ನೀರು, ಬೆಲ್ಲ, ಕಾಲಿಗೆ ಚಾಪೆ. ಗೋಡೆಯ ಬದಿಯಲ್ಲಿ ಒಂದು ಕುರ್ಚಿಯ ಮೇಲೆ ಪುಟ್ಟ ಹುಡುಗಿಯೊಬ್ಬಳ ಹಳೆಯ ಫೋಟೋಕ್ಕೆ ಮಲ್ಲಿಗೆ ಮುಡಿಸಿ ಇಟ್ಟಿದ್ದರು. ಶಶಿಕಲಾ. ಎರಡನೇ ಕ್ಲಾಸಿನಲ್ಲಿದ್ದಾಗ ಕಾಮಾಲೆಯಾಗಿ ತೀರಿಹೋದವಳು. ಸತ್ತ ಮಕ್ಕಳೂ ಅಲ್ಲಿ ಬೆಳೆದು ಮದುವೆಯ ಪ್ರಾಯಕ್ಕೆ ಬರುತ್ತಾರೆಂಬುದು ಅವರಲ್ಲಿಯ ನಂಬಿಕೆ. ಮುಂದಿನ ಹಲ್ಲು ಬಿದ್ದಿತ್ತು, ಹುಡುಗಿ ತುಟಿ ಬಿಗಿಹಿಡಿದು ಅದನ್ನು ಮುಚ್ಚಲು ನೋಡಿದ್ದಳು. ಇವಳ ಫೋಟೋವನ್ನು ಯಾರೂ ಸರಿ ಮಾಡಿಸಿಲ್ಲ ಎಂದು ಅಮ್ಮಣ್ಣಿಗೆ ಹೊಳೆದು, ಮಡಿಲಲ್ಲಿದ್ದ ಮೊಬೈಲು ಬಿಸಿಯಾದಂತಾಯಿತು. ಅಷ್ಟರಲ್ಲಿ ಕಮಲೇಶ ಅದನ್ನು ತೆಗೆದು ಮುದುಕಿಯ ಮುಂದೆ ಹಿಡಿದಾಗಿತ್ತು. ಹೇಮಾಕ್ಷಿ ಕನ್ನಡಕ ಹಾಕಿ, ಹತ್ತಿರ ತಂದು, ದೂರ ಹಿಡಿದು ನೋಡಿದರು. "ಚಂದ ಉಂಟು ಹುಡುಗ" ಎಂದರು. "ಮುಖದಲ್ಲಿ ಗಾಂಭೀರ್ಯ ಉಂಟು. ಎಂತ ಕೆಲಸದಲ್ಲಿದ್ರು?" ಕಮಲೇಶ ತಡಮಾಡಲಿಲ್ಲ. "ದಕ್ಕೆಯಲ್ಲಿ ಲಾರಿಗಳ ಸೂಪರ್‌ವೈಸರ್. ಮಾಮ ಹೇಳದೆ ಒಂದು ಲಾರಿ ಅಲ್ಲಾಡ್ತಿರಲಿಲ್ಲ." ಸುಳ್ಳು ಎನ್ನುವ ಹಾಗೂ ಇಲ್ಲ. ಮೋಹನದಾಸ್ ತಲೆಯಾಡಿಸಿ, "ಅಂಥ ಜನ ಇದ್ರೇ ದಕ್ಕೆ ನಡೆಯುವುದು" ಎಂದ. ಇಬ್ಬರೂ ಮೀನಿನ ರಜೆಯ ಬಗ್ಗೆ, ಡೀಸೆಲಿನ ಬಗ್ಗೆ ಮಾತಿಗಿಳಿದರು. ಮೊಬೈಲಿನ ಆ ಗಂಭೀರ ಮುಖದವನು ಮೇಜಿನ ಮೇಲೆ ಸ್ವಲ್ಪ ಹೊತ್ತು ಬೆಳಗಿ, ಆರಿಹೋದ.

ಹೇಮಾಕ್ಷಿ ಅಮ್ಮಣ್ಣಿಯ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು. ಹೆಂಗಸರು ಮಾತಾಡಬೇಕಾದ್ದು ಉಂಟು ಎಂದರು. ಮಂಚದ ಮೇಲೆ ಕೂರಿಸಿ, ಕೈ ಬಿಡದೆ, ಸ್ವರ ತಗ್ಗಿಸಿ ಕೇಳಿದರು: "ಕೇಳ್ತೇನೆ ಅಂತ ಬೇಸರ ಮಾಡಬೇಡಿ. ದಕ್ಕೆಯವರು ಅಂದ್ರೆ ನನಗೆ ಹೆದರಿಕೆ. ನನ್ನ ಯಜಮಾನ್ರೂ ದೋಣಿಯವರೇ, ಕುಡಿದು ಬಂದು ಬೊಬ್ಬೆ ಹಾಕ್ತಿದ್ರು. ಶಶಿಗೆ ದೊಡ್ಡ ಸ್ವರ ಆಗುವುದಿಲ್ಲ. ಚಾಪೆ ಸುತ್ತಿ ನಿಲ್ಲಿಸಿರ್ತೇವಲ್ಲ, ಅದರ ಹಿಂದೆ ಹೋಗಿ ಕೂತುಕೊಳ್ತಿದ್ಳು. ನಿಮ್ಮ ಅಣ್ಣ ಕುಡೀತಿದ್ರಾ?" ಅಮ್ಮಣ್ಣಿಗೆ ತಟ್ಟನೆ ಎದೆ ಹಗುರಾಯಿತು. ಸುಳ್ಳು ಹೇಳಬೇಕಾಗಿಲ್ಲದ ಪ್ರಶ್ನೆಯೊಂದು ಕೊನೆಗೂ ಬಂದಿತ್ತು. "ಇಲ್ಲಕ್ಕ, ದೇವರಾಣೆ ಇಲ್ಲ. ಒಂದು ಹನಿ ಮುಟ್ಟಿದವನಲ್ಲ. ಯಾರ ಮೇಲೂ ಕೈ ಎತ್ತಿದವನಲ್ಲ" ಎಂದಳು. ಹೇಳಿದ ಮೇಲೆ ನಿಲ್ಲಲಾಗಲಿಲ್ಲ. ಅವನ ಕೈಗೆ ಎರಡು ಬಿಸ್ಕೆಟ್ ಕೊಟ್ಟರೆ ಒಂದು ಇನ್ನೊಬ್ಬರಿಗೇ ಎಂದಳು. ತನ್ನ ಗಂಡ ತೀರಿಹೋದಾಗ ಬಂದವರೆಲ್ಲ ಸಮಾಧಾನ ಹೇಳಿ ಹೋದ ಮೇಲೆ ಅವನೊಬ್ಬ ಪಕ್ಕದಲ್ಲಿ ಕುಳಿತು, ಅವಳು ಕಣ್ಣು ಒರೆಸಿದಾಗಲೆಲ್ಲ ತಾನೂ ಕಣ್ಣು ಒರೆಸುತ್ತಿದ್ದ, ಒಂದು ಮಾತೂ ಆಡದೆ, ಎಂದಳು. ಮಕ್ಕಳಿಬ್ಬರನ್ನೂ ಬೆನ್ನ ಮೇಲೆ ಹೊತ್ತು ಬೆಳೆಸಿದವನು ಎಂದಳು. ಇದನ್ನೆಲ್ಲ ಅವಳು ಈ ತನಕ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವನು ಹೇಗಿದ್ದ ಎಂದು ಕೇಳಿದವರಿಗೆಲ್ಲ ಬೇಕಾದದ್ದು ಬೇರೆಯೇ ಉತ್ತರ. ಹೇಮಾಕ್ಷಿಯ ಕಣ್ಣು ತುಂಬಿ ಬಂದಿತ್ತು. "ಸಾಕು ತಂಗಿ, ಇಷ್ಟು ಸಾಕು ನನಗೆ. ನನ್ನ ಮಗಳು ಅಲ್ಲಿ ಒಬ್ಬಳೇ ಇದ್ದಾಳೆ, ಇಷ್ಟು ವರ್ಷದಿಂದ. ನನಗೂ ಹೋಗುವ ಕಾಲ ಬಂತು. ಅವಳನ್ನು ಒಬ್ಬರ ಕೈಯಲ್ಲಿ ಕೊಟ್ಟು ಹೋಗಬೇಕು" ಎಂದು, ಸೆರಗಿನಿಂದ ಮುಖ ಒರೆಸಿಕೊಂಡು, ನಗುತ್ತ, ಇನ್ನೇನೂ ಕೇಳಲಿಕ್ಕಿಲ್ಲದವರ ಹಾಗೆ ಕೇಳಿದರು: "ಇಷ್ಟು ಒಳ್ಳೆ ಜನ. ಬದುಕಿದ್ದಾಗ ಮದುವೆ ಯಾಕೆ ಮಾಡ್ಲಿಲ್ಲ ನೀವು?"

ಹೊರಗೆ ಕಮಲೇಶ ಏನಕ್ಕೋ ಜೋರಾಗಿ ನಕ್ಕ. ಉತ್ತರ ಅವಳ ಬಾಯಿಯಲ್ಲೇ ಇತ್ತು. ಅವನು ಪಾಪದವನು ಅಕ್ಕ, ಬುದ್ಧಿ ಬೆಳೆದಿರಲಿಲ್ಲ. ಇಷ್ಟೇ. ಈ ಮುದುಕಿ, ಚಾಪೆಯ ಹಿಂದೆ ಕೂರುವ ಮಗುವಿಗೆ ಗಂಡು ಹುಡುಕುವ ಈ ಮುದುಕಿ, ಬಹುಶಃ ಸುಮ್ಮನೆ ತಲೆಯಾಡಿಸಿಬಿಡುತ್ತಿದ್ದರು. ಬಹುಶಃ ಇನ್ನಷ್ಟು ಸಂತೋಷಪಡುತ್ತಿದ್ದರು. ಆದರೆ ಆ ಮಾತು ಕೇಳಿ ತಿರುಗಿ ಹೋದ ಗಂಡಿನ ಕಡೆಯವರ ಮುಖಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಕೆಲಸದಿಂದ ಬಂದು ಯಾರೊಡನೆಯೂ ಮಾತಾಡದೆ ಬಟ್ಟೆ ಮಡಿಸುವ ಸುಪ್ರೀತಾ ಬಂದಳು. ಮೇಜಿನ ಮೇಲಿನ ಗಂಭೀರ ಮುಖದವನು ಬಂದ. ಈಗ ಹೇಳಿದರೆ ಮಗ ಸುಳ್ಳನಾಗುತ್ತಾನೆ. ಈ ಪ್ರಶ್ನೆ ಅವರ ಮನೆಯಲ್ಲಿ ಎಂದೂ ಎದ್ದೇ ಇರಲಿಲ್ಲ, ಅಪ್ಪ ಅಮ್ಮ ಇದ್ದಾಗಲೂ ಇಲ್ಲ. ಅವನು ಕೇಳುತ್ತಿದ್ದ, ಉಳಿದವರು ನಗುತ್ತಿದ್ದರು, ಅಲ್ಲಿಗೆ ಅದು ಮುಗಿಯುತ್ತಿತ್ತು. "ಅವನಿಗೇ ಮನಸ್ಸಿರಲಿಲ್ಲಕ್ಕ" ಎಂದಳು. ಸ್ವರ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು. "ನಾವು ಎಷ್ಟೋ ಹೇಳಿದೆವು. ಬೇಡ ಅಂದ್ರೆ ಬೇಡ. ಮದುವೆಯ ಮಾತು ತೆಗೆದ್ರೆ ಎದ್ದು ಹೋಗ್ತಿದ್ದ."

ಹೇಮಾಕ್ಷಿ ಅವಳ ಕೈ ಬಿಟ್ಟರು. ಕೋಪದಿಂದಲ್ಲ, ತಮ್ಮ ಕೈಗೆ ಬೇರೇನೋ ಕೆಲಸ ನೆನಪಾದ ಹಾಗೆ. ಹಾಸಿಗೆಯ ಚಾದರದ ಸುಕ್ಕನ್ನು ಸ್ವಲ್ಪ ಹೊತ್ತು ಸವರಿದರು. "ಬೇಡ ಅಂದವರಿಗೆ ಹೇಗೆ ಕೊಡುವುದು?" ಎಂದರು, ತಮ್ಮನ್ನೇ ಕೇಳಿಕೊಂಡ ಹಾಗೆ. "ಬದುಕಿದ್ದಾಗ ಒಪ್ಪದವರನ್ನು ಸತ್ತ ಮೇಲೆ ಹಿಡಿದು ಕಟ್ಟಿದ್ರೆ ಆ ಸಿಟ್ಟನ್ನು ಯಾರ ಮೇಲೆ ತೀರಿಸ್ತಾರೆ ಹೇಳಿ? ನನ್ನ ಮಗಳ ಮೇಲೆ. ಅಲ್ಲಿ ಅವಳಿಗೆ ಯಾರಿದ್ದಾರೆ? ಬಂದು ಅಮ್ಮಾ ಅಂತ ಹೇಳ್ಲಿಕ್ಕೂ ಆಗುವುದಿಲ್ಲ." ಅಮ್ಮಣ್ಣಿಗೆ ಒಂದು ಕ್ಷಣ ಏನಾಯಿತೆಂದೇ ಗೊತ್ತಾಗಲಿಲ್ಲ. ಗೊತ್ತಾದಾಗ ಗಡಬಡಿಸಿ, "ಹಾಗಲ್ಲಕ್ಕ, ಹಾಗಲ್ಲ. ಅವನಿಗೆ ಆಸೆ ಇತ್ತು. ತುಂಬ ಆಸೆ ಇತ್ತು. ಸಿಕ್ಕಿದವರ ಹತ್ತಿರ ಕೇಳ್ತಿದ್ದ, ನನಗೆ ಯಾವಾಗ, ನನಗೆ ಯಾವಾಗ ಅಂತ. ದಕ್ಕೆಯಲ್ಲಿ ಯಾರನ್ನು ಬೇಕಾದ್ರೂ ಕೇಳಿ" ಎಂದಳು. ಹೇಮಾಕ್ಷಿ ಅವಳನ್ನು ಕರುಣೆಯಿಂದಲೇ ನೋಡಿದರು. ಸಂಬಂಧ ತಪ್ಪುತ್ತದೆಂದು ಮಾತು ಬದಲಿಸುವ ಬಡಪಾಯಿಯನ್ನು ನೋಡುವ ಹಾಗೆ. "ಅಷ್ಟು ಆಸೆ ಇದ್ದಿದ್ರೆ, ತಂಗಿ, ಮತ್ತೆ ಯಾಕೆ ಮಾಡ್ಲಿಲ್ಲ?" ಎಂದರು. ಅದೇ ಪ್ರಶ್ನೆ. ಈ ಸಲ ಅದಕ್ಕೆ ಅವಳು ಹೇಳಬಹುದಾದದ್ದು ಅವನ ಬಗ್ಗೆ ಏನೂ ಆಗಿರಲಿಲ್ಲ. ನಾವು ನಕ್ಕೆವು, ಅಕ್ಕ, ಎನ್ನಬೇಕಿತ್ತು. ಅವಳು ಕೋಣೆಯ ಮೂಲೆಯನ್ನು ನೋಡುತ್ತ ಸುಮ್ಮನೆ ಕುಳಿತಳು, ಮತ್ತು ಆ ಸುಮ್ಮನಿರುವಿಕೆಯನ್ನೇ ಮುದುಕಿ ಉತ್ತರವೆಂದು ತೆಗೆದುಕೊಂಡರು.

ಮೋಹನದಾಸನಿಗೆ ತುಂಬ ಸಂಕೋಚವಾಯಿತು. ತಾಯಿ ಒಳಗಿನಿಂದ ಕರೆದು ಹೇಳಿದ್ದನ್ನು ಕೇಳಿ ಹೊರಗೆ ಬಂದವನು ಕೈ ಕೈ ಹಿಸುಕಿಕೊಂಡು, "ಅಮ್ಮನಿಗೆ ಯಾಕೋ ಮನಸ್ಸು ಬರ್ತಾ ಇಲ್ಲ. ಪ್ರಾಯ ಆಯ್ತಲ್ಲ, ಬೇಸರ ಮಾಡಬೇಡಿ. ಆದ್ರೆ ತಿಂಡಿ ತಿನ್ನದೆ ಹೋಗ್ಲಿಕ್ಕಿಲ್ಲ, ನಮ್ಮ ಮೇಲೆ ಆಣೆ ಉಂಟು" ಎಂದ. ಉಪ್ಪಿಟ್ಟು ಅವಲಕ್ಕಿಯ ಸಜ್ಜಿಗೆ ಬಜಿಲ್ ತಟ್ಟೆಗಳು ಬಂದವು. ಎದ್ದು ಹೋಗುವ ಹಾಗಿಲ್ಲ, ಕುಳಿತರೆ ನುಂಗುವ ಹಾಗಿಲ್ಲ. ಮೋಹನದಾಸ್ ಚಹಾ ತರಲು ಅಡುಗೆಮನೆಗೆ ಹೋದದ್ದೇ ತಡ ಕಮಲೇಶ ಹತ್ತಿರ ಬಾಗಿ, "ಎಂತ ಹೇಳಿದೆ ಒಳಗೆ? ಆ ವಿಷಯ ಹೇಳಿದೆಯಾ?" ಎಂದ. "ಇಲ್ಲ" ಎಂದಳು ಅಮ್ಮಣ್ಣಿ. "ಮತ್ತೆ ಎಂತಕ್ಕೆ ಬೇಡ ಅಂದ್ರು? ಫೋಟೋ ನೋಡಿ ಇಷ್ಟಪಟ್ಟಿದ್ರಲ್ಲ?" ಅವಳು ಅವಲಕ್ಕಿಯ ತುತ್ತೊಂದನ್ನು ಬಾಯಿಗಿಟ್ಟುಕೊಂಡಳು. "ಇರ್ಲಿ ಬಿಡು. ಬೇರೆ ಹುಡುಗಿ ನೋಡುವ. ಆಟಿ ಮುಗೀಲಿಕ್ಕೆ ಇನ್ನೂ ದಿನ ಉಂಟು" ಎಂದು ಅವನು ಅವಲಕ್ಕಿಗೆ ಉಪ್ಪಿಟ್ಟು ಕಲಸಿಕೊಂಡ. ಅಣ್ಣನನ್ನು ಬೇಡವೆಂದದ್ದು ಇದು ಮೊದಲಲ್ಲ. ಆದರೆ ಇಷ್ಟು ವರ್ಷ ಬೇಡವೆಂದವರೆಲ್ಲ ಅವನು ಇದ್ದ ಹಾಗೆ ನೋಡಿ ಬೇಡವೆಂದಿದ್ದರು. ಇವತ್ತು ಅಣ್ಣನಲ್ಲದ ಯಾವನನ್ನೋ ತಂದು ಕೂರಿಸಿ, ಅವನ ಬಾಯಿಂದ ಮದುವೆ ಬೇಡವೆನ್ನಿಸಿ, ಅದಕ್ಕಾಗಿ ಅಣ್ಣನನ್ನೇ ಇವರು ಬೇಡವೆನ್ನುವಂತೆ ಮಾಡಿದವಳು ಅವಳು. ಎದ್ದು ಒಳಗೆ ಹೋಗಿ ಇನ್ನೊಮ್ಮೆ ಹೇಳಬೇಕು, ಎಲ್ಲವನ್ನೂ, ಮೊದಲಿನಿಂದ, ಎಂದುಕೊಂಡಳು. ಏಳಲು ತಟ್ಟೆ ಕೆಳಗಿಡುವ ಜಾಗವನ್ನೂ ಹುಡುಕಿದಳು. ಅಷ್ಟರಲ್ಲಿ ಹೇಮಾಕ್ಷಿ ಒಳಗಿನಿಂದ ಬಂದು ಇವರ ಕಡೆ ನೋಡದೆ ಗೋಡೆಯ ಬದಿಯ ಕುರ್ಚಿಯಿಂದ ಮಗಳ ಫೋಟೋ ಎತ್ತಿಕೊಂಡರು. ಮುಡಿಸಿದ್ದ ಮಲ್ಲಿಗೆಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಫೋಟೋದ ಗಾಜನ್ನು ಅಂಗೈಯಿಂದ ಒರೆಸಿ, ಕೋಣೆಯೊಳಗೆ ಹೋದರು. ಬಾಗಿಲು ಪೂರ್ತಿ ಹಾಕಿರಲಿಲ್ಲ. ಸಣ್ಣ ಸ್ವರ, ಹಟ ಮಾಡುವ ಮಗುವಿಗೆ ಹೇಳುವ ಹಾಗೆ.

"ಇದು ಆಗ್ಲಿಲ್ಲ ಮಗಾ. ಬೇಸರ ಮಾಡಬೇಡ. ಆ ಹುಡುಗನಿಗೆ ಮದುವೆಯೇ ಬೇಡವಂತೆ. ಅವನ ತಂಗಿಯೇ ಹೇಳಿದ್ಳು."

ಅಮ್ಮಣ್ಣಿಯ ಬಾಯಲ್ಲಿ ಅವಲಕ್ಕಿ ಹಾಗೆಯೇ ಉಳಿಯಿತು. ಸತ್ತ ಹುಡುಗಿಗೆ ಈ ಮಾತು ಕೇಳಿಸುವುದಾದರೆ, ಅಣ್ಣನಿಗೂ ಕೇಳಿಸುತ್ತದೆ.